ಕಾಗದ ಸುತ್ತಿದ ಗುಂಡು, ಕಾಗದ ಕೇಳುವ ಕಚೇರಿ



ಕೋವಿ ಅಂದ ಕೂಡಲೆ ಪೇಟೆಯವರ ಕಣ್ಣ ಮುಂದೆ ಬರುವುದು ಸಿನಿಮಾದ ಡಕಾಯಿತ. ನಮ್ಮ ಕಣ್ಣ ಮುಂದೆ ಬರುವುದು ಹಾಲು ತುಂಬಿದ ಭತ್ತದ ಗದ್ದೆ, ಅದರೊಳಗೆ ನುಗ್ಗಿದ ಹಂದಿ ಹಿಂಡು. ಈ ವ್ಯತ್ಯಾಸ ಗೊತ್ತಿಲ್ಲದವರು ಕಾನೂನು ನಡೆಸುತ್ತಿರುವುದರಿಂದ ನಮ್ಮ ಕೇಪಿನ ಕೋವಿಗಳು ಚುನಾವಣೆ ಬಂದಾಗಲೆಲ್ಲ ಠಾಣೆಯ ಮೂಲೆಯಲ್ಲಿ ತುಕ್ಕು ಹಿಡಿಯುತ್ತವೆ, ಪೈರು ಹಂದಿಯ ಪಾಲಾಗುತ್ತದೆ, ಸೊಸೈಟಿ ಸಾಲ ಮಾತ್ರ ನಮ್ಮ ಹೆಸರಿನಲ್ಲೇ ಉಳಿಯುತ್ತದೆ. ಬೆಲೆ ಮತ್ತು ಸಾಲದ ವಿಚಾರ ಬರೆಯುವ ಪತ್ರಿಕೆಯಲ್ಲಿ ಇವನ್ಯಾಕೆ ಕೋವಿ ಹಿಡಿದು ಬಂದ ಅಂತ ಕೇಳಬೇಡಿ. ಲೆಕ್ಕ ಕೊನೆಗೆ ಅಲ್ಲಿಗೇ ಬರುತ್ತದೆ.

ರೈತನ ಕೈಯಲ್ಲಿ ಕೋವಿ ಕಂಡರೆ ಸರ್ಕಾರ ಹೆದರುವುದು ಇಂದು ನಿನ್ನೆಯದಲ್ಲ. ಈ ಹೆದರಿಕೆಗೆ ಹುಟ್ಟಿದ ವರ್ಷವೂ ಉಂಟು, ಹುಟ್ಟಿಸಿದ ಗುಂಡೂ ಉಂಟು. ಆ ಗುಂಡಿನ ಮೈಗೆ ಕಾಗದ ಸುತ್ತಿತ್ತು.

ನಮ್ಮ ಕೇಪಿನ ಕೋವಿ ನಿಮಗೆ ಗೊತ್ತೇ ಇದೆ. ನಳಿಗೆಯ ಬಾಯಿಯಿಂದ ಕರಿಮದ್ದು ಸುರಿದು, ಮೇಲೆ ಕಾಗದದ್ದೋ ನಾರಿನದ್ದೋ ಬಿರಡೆ ಇಟ್ಟು, ಗಜದ ಕಡ್ಡಿಯಿಂದ ಜಡಿದು, ಚರೆ ಹಾಕಿ, ಮತ್ತೊಂದು ಬಿರಡೆ ಜಡಿದು, ಹಿಂದೆ ಕೇಪು ಕೂರಿಸಿ ಕುದುರೆ ಎಳೆದರೆ ಒಂದು ಈಡು. ನಳಿಗೆಯ ಒಳಮೈ ನುಣ್ಣಗೆ ಇರುತ್ತದೆ, ಆದ್ದರಿಂದ ಚರೆ ಹರಡಿಕೊಂಡು ಹೋಗುತ್ತದೆ, ದೂರ ಹೋಗುವುದಿಲ್ಲ. ರೈಫಲ್ ಅಂದರೆ ಬೇರೆ ಜಾತಿ. ಅದರ ನಳಿಗೆಯೊಳಗೆ ತಿರುಪಿನ ಹಾಗೆ ಗೆರೆ ಕೊರೆದಿರುತ್ತಾರೆ. ಗುಂಡು ಆ ಗೆರೆ ಕಚ್ಚಿಕೊಂಡು ಬುಗುರಿಯ ಹಾಗೆ ತಿರುಗುತ್ತಾ ಹೋಗುವುದರಿಂದ ಬಹಳ ದೂರ ನೆಟ್ಟಗೆ ಹೋಗುತ್ತದೆ. ಆದರೆ ಗೆರೆ ಕಚ್ಚುವಷ್ಟು ಬಿಗಿಯಾದ ಗುಂಡನ್ನು ಬಾಯಿಯಿಂದ ಒಳಗೆ ತಳ್ಳುವುದು ಹೇಗೆ? ಬಡಿದು ಬಡಿದು ಇಳಿಸಬೇಕು. ಯುದ್ಧದಲ್ಲಿ ಅಷ್ಟು ಪುರಸೊತ್ತು ಯಾರಿಗಿದೆ?

ಇದಕ್ಕೆ ಇಂಗ್ಲಿಷರು 1853ರ ಎನ್‌ಫೀಲ್ಡ್ ರೈಫಲ್ಲಿನಲ್ಲಿ ಮಾಡಿದ ಉಪಾಯ ಜಾಣತನದ್ದೇ. ಗುಂಡನ್ನು ನಳಿಗೆಗಿಂತ ಕೂದಲೆಳೆಯಷ್ಟು ಸಣ್ಣದಾಗಿ ಎರಕ ಹೊಯ್ದರು. ತೂಕ ಸುಮಾರು 34 ಗ್ರಾಂ, ಮೆತ್ತನೆಯ ಸೀಸ, ಬುಡ ಟೊಳ್ಳು. ಮದ್ದನ್ನೂ ಗುಂಡನ್ನೂ ಸೇರಿಸಿ ಒಂದೇ ಕಾಗದದ ಕೊಳವೆಯಲ್ಲಿ ಸುತ್ತಿ, ಗುಂಡಿನ ಕಡೆಯ ಕಾಗದಕ್ಕೆ ಜಿಡ್ಡು ಅದ್ದಿದರು. ಸಿಪಾಯಿ ಮದ್ದಿನ ಕಡೆಯ ತುದಿಯನ್ನು ಹಲ್ಲಿನಿಂದ ಹರಿದು, ಮದ್ದು ಸುರಿದು, ಕೊಳವೆಯನ್ನು ತಿರುಗಿಸಿ ಗುಂಡನ್ನು ಕಾಗದದ ಸಮೇತ ನಳಿಗೆಗೆ ಇಟ್ಟು, ಮಿಕ್ಕ ಕಾಗದ ಹರಿದು ಬಿಸಾಕಿ, ಗಜದಿಂದ ತಳ್ಳಿದರೆ ಸಲೀಸಾಗಿ ಇಳಿಯುತ್ತಿತ್ತು. ಹೊಡೆದಾಗ ಮದ್ದಿನ ಒತ್ತಡಕ್ಕೆ ಟೊಳ್ಳು ಬುಡ ಉಬ್ಬಿ ಗೆರೆ ಕಚ್ಚುತ್ತಿತ್ತು. ನಡುವೆ ಕಾಗದ ಇದ್ದುದರಿಂದ ಸೀಸ ನಳಿಗೆಗೆ ಮೆತ್ತುತ್ತಿರಲಿಲ್ಲ, ಜಿಡ್ಡಿನಿಂದ ಕರಿಮದ್ದಿನ ಮಸಿ ಮೆದುವಾಗಿ ಮುಂದಿನ ಈಡಿಗೆ ದಾರಿಯಾಗುತ್ತಿತ್ತು. ಹೊರಗೆ ಬಂದೊಡನೆ ಕಾಗದ ಚೂರಾಗಿ ಉದುರಿ, ಗುಂಡು ಬೆತ್ತಲೆಯಾಗಿ ಹಾರುತ್ತಿತ್ತು. ಹಳೆಯ ಮಸ್ಕೆಟ್ಟಿನ ಗುರಿ ನೂರು ಮೀಟರಿಗೆ ಕೈಕೊಟ್ಟರೆ ಇದರದ್ದು ಐದಾರು ಪಟ್ಟು ದೂರಕ್ಕೂ ಮುಟ್ಟುತ್ತಿತ್ತು.

ಮುಂದಿನದನ್ನು ಶಾಲೆಯಲ್ಲಿ ಓದಿದ್ದೀರಿ. ಜಿಡ್ಡಿನಲ್ಲಿ ದನದ ಕೊಬ್ಬು, ಹಂದಿಯ ಕೊಬ್ಬು ಇದೆ ಎಂದು 1857ರ ಜನವರಿಯಲ್ಲಿ ಕಲ್ಕತ್ತೆಯ ಹತ್ತಿರದ ಡಂಡಂನಲ್ಲಿ ಸುದ್ದಿ ಎದ್ದಿತು. ಬೇಕಾದರೆ ನೀವೇ ಜಿಡ್ಡು ಮಾಡಿಕೊಳ್ಳಿ ಎಂದು ಸರ್ಕಾರ ಹೇಳಿತು. ಆಗ ಅನುಮಾನ ಕಾಗದದ ಮೇಲೆ ಹೋಯಿತು, ಈ ಕಾಗದಕ್ಕೆ ಯಾಕಿಷ್ಟು ಹೊಳಪು ಅಂತ. ಫೆಬ್ರವರಿ 26ರಂದು ಬರ್ಹಾಂಪುರದಲ್ಲಿ 19ನೇ ಪಡೆಯವರು ತೋಟಾ ಮುಟ್ಟಲು ಒಪ್ಪದ್ದಕ್ಕೆ ಕಾಗದದ ಮೇಲಿನ ಶಂಕೆಯೇ ಕಾರಣ. ಹಲ್ಲಿನಲ್ಲಿ ಕಚ್ಚುವುದು ಬೇಡ, ಕೈಯಲ್ಲಿ ಹರಿಯಿರಿ ಎಂದು ಕವಾಯತನ್ನೇ ಬದಲಾಯಿಸಿದರು. ಅದೂ ನಡೆಯಲಿಲ್ಲ. ಮೇ 10ಕ್ಕೆ ಮೀರತ್ ಹೊತ್ತಿಕೊಂಡಿತು.

ನನ್ನ ತಕರಾರು ಇಲ್ಲಿದೆ. ಶಾಲೆಯ ಪುಸ್ತಕ ಕೊಬ್ಬಿನ ಕಥೆ ಹೇಳಿ ಪುಟ ತಿರುಗಿಸುತ್ತದೆ. ಒಂದು ಚೂರು ಕಾಗದಕ್ಕೆ ಇಷ್ಟು ದೊಡ್ಡ ದೇಶ ಹೊತ್ತಿ ಉರಿಯುತ್ತದೆಯೇ? ಹುಲ್ಲು ಒಣಗಿರಬೇಕು ಸ್ವಾಮಿ, ಆಗ ಕಿಡಿ ಹತ್ತುತ್ತದೆ. ಬಂಗಾಳ ಸೈನ್ಯದ ಸಿಪಾಯಿಗಳಲ್ಲಿ ದೊಡ್ಡ ಪಾಲು ಅವಧ್ ಮತ್ತು ಬಿಹಾರದ ಒಕ್ಕಲು ಮನೆಗಳ ಮಕ್ಕಳು. 1856ರಲ್ಲಿ ಅವಧ್ ರಾಜ್ಯವನ್ನು ಕಂಪನಿ ನುಂಗಿತು, ಆತುರಾತುರವಾಗಿ ಹೊಸ ಕಂದಾಯ ಕಟ್ಟಿತು. ಉತ್ತರದ ಜಿಲ್ಲೆಗಳಲ್ಲಿ ಕಂದಾಯ ಕಟ್ಟಲು ಸಾಲ, ಸಾಲಕ್ಕೆ ಬಡ್ಡಿ, ಬಡ್ಡಿಗೆ ಕೋರ್ಟಿನ ಡಿಕ್ರಿ, ಡಿಕ್ರಿಗೆ ಜಮೀನು ಹರಾಜು ಎಂಬ ಸರಪಳಿ ಅದಕ್ಕೂ ಮೊದಲೇ ಶುರುವಾಗಿತ್ತು. ದಂಗೆ ಎದ್ದಾಗ ಹಳ್ಳಿಯ ಜನ ಎಷ್ಟೋ ಕಡೆ ಮೊದಲು ಹೋದದ್ದು ಇಂಗ್ಲಿಷರ ಬಂಗಲೆಗಲ್ಲ, ಸಾಹುಕಾರರ ಮನೆಗೆ. ಅಲ್ಲಿ ಸಾಲದ ವಹಿಗಳನ್ನು ತೆಗೆದು ಸುಟ್ಟರು. ಆ ಕಾಗದದ ವಿಚಾರ ಪಾಠದಲ್ಲಿ ಎಷ್ಟು ಸಾಲು ಬರುತ್ತದೆ, ನಿಮ್ಮ ಮಕ್ಕಳ ಪುಸ್ತಕ ತೆಗೆದು ನೋಡಿ.

ಆ ಕಾಗದದೊಳಗಿನ ಮದ್ದು ಎಲ್ಲಿಂದ ಬಂತು ಎಂಬುದನ್ನೂ ಕೇಳಬೇಕು. ಕರಿಮದ್ದಿನಲ್ಲಿ ನಾಲ್ಕನೇ ಮೂರು ಪಾಲು ಪೆಟ್ಲುಪ್ಪು. ಜಗತ್ತಿಗೆಲ್ಲ ಒಳ್ಳೆಯ ಪೆಟ್ಲುಪ್ಪು ಹೋಗುತ್ತಿದ್ದದ್ದು ಬಿಹಾರದಿಂದ. ಹಳ್ಳಿಗಳ ಹಳೆಯ ಗೋಡೆ, ಕೊಟ್ಟಿಗೆಗಳ ಸುತ್ತ ಬಿಳುಚಿಕೊಂಡ ಮಣ್ಣು ಕೆರೆದು, ನೀರಿನಲ್ಲಿ ಬಸಿದು, ಕುದಿಸಿ ಉಪ್ಪು ತೆಗೆಯುತ್ತಿದ್ದವರು ನೂನಿಯಾ ಎಂಬ ಬಡ ಜಾತಿಯವರು. 1758ರಲ್ಲಿ ಕಂಪನಿ ಈ ವ್ಯಾಪಾರದ ಏಕಸ್ವಾಮ್ಯವನ್ನು ಮೀರ್ ಜಾಫರನಿಂದ ಬರೆಸಿಕೊಂಡಿತು. ದಲ್ಲಾಳಿಯ ಕೈಯಿಂದ ಮುಂಗಡ ಕೊಡಿಸುವುದು, ಮುಂಗಡ ಪಡೆದವನು ಮಾಲನ್ನು ಬೇರೆ ಯಾರಿಗೂ ಮಾರದ ಹಾಗೆ ಕಟ್ಟಿಹಾಕುವುದು, ಬೆಲೆಯನ್ನು ಕೊಳ್ಳುವವನೇ ಕಟ್ಟುವುದು. ಈ ವಿದ್ಯೆ ನಿಮಗೆ ಹೊಸದಲ್ಲ. ಅಡಿಕೆ ಮಂಡಿಯಲ್ಲಿ ಮುಂಗಡ ತೆಗೆದುಕೊಂಡವರಿಗೆ ನಾನು ವಿವರಿಸಿ ಹೇಳಬೇಕಾಗಿಯೂ ಇಲ್ಲ. ಅಮೆರಿಕದಲ್ಲಿ ಅಂತರ್ಯುದ್ಧ ಶುರುವಾದ 1861ರಲ್ಲಿ ಅಲ್ಲಿನ ಮದ್ದಿನ ಕಂಪನಿ ಡುಪಾಂಟ್ ಲಂಡನ್ನಿಗೆ ಆಳು ಕಳಿಸಿ ಕೈಗೆ ಸಿಕ್ಕಷ್ಟು ಭಾರತದ ಪೆಟ್ಲುಪ್ಪನ್ನು ಕೊಂಡಿತು. ಲಂಡನ್ನಿನಲ್ಲಿ ಬೆಲೆ ಏರಿದರೆ ಮಣ್ಣು ಕೆರೆಯುವವನಿಗೆ ಏನು ಬಂತು? ಏರಿದ ಬೆಲೆ ಮುಂಗಡದ ಚೀಟಿಗೆ ಕಾಣುವುದಿಲ್ಲ.

ಇರಲಿ, ಕೋವಿಗೆ ಬರೋಣ. ದಂಗೆಯಲ್ಲಿ ಪೆಟ್ಟು ತಿಂದ ಸರ್ಕಾರ ಅದೇ 1857ರಲ್ಲಿ ಆಯುಧ ಕಸಿಯುವ ಕಾಯಿದೆ ತಂದಿತು. ಉತ್ತರದಲ್ಲಿ ಸಿಪಾಯಿ ಮಾಡಿದ್ದಕ್ಕೆ ದಕ್ಷಿಣದ ಬೇಡನ ಕೋವಿಗೆ ಕೈ ಹಾಕಿದರು. ಮುಧೋಳ ಸೀಮೆಯ ಹಲಗಲಿಯ ಬೇಡರು ಆಯುಧ ಕೊಡುವುದಿಲ್ಲ ಎಂದರು. ಅವರಿಗೆ ಕೋವಿ, ಕತ್ತಿ ಶೋಕಿಯ ವಸ್ತುವಲ್ಲ, ಬೇಟೆ ಅವರ ಬದುಕು, ಕಾವಲು ಅವರ ಕಸುಬು. ನವೆಂಬರಿನಲ್ಲಿ ಸೈನ್ಯ ಬಂತು, ಊರಿಗೆ ಬೆಂಕಿ ಬಿತ್ತು, ಮುಂದಿನ ತಿಂಗಳಲ್ಲೇ ಜಡಗ, ಬಾಲ ಮೊದಲಾದವರನ್ನು ಗಲ್ಲಿಗೆ ಹಾಕಿದರು. ಲಾವಣಿ ಹಾಡುವವರು ಇಲ್ಲದಿದ್ದರೆ ಅವರ ಹೆಸರೂ ನಮಗೆ ಸಿಗುತ್ತಿರಲಿಲ್ಲ. 1878ರಲ್ಲಿ ವೈಸರಾಯ್ ಲಿಟ್ಟನ್ನನ ಕಾಲಕ್ಕೆ ಇದೇ ಭಯವನ್ನು ಖಾಯಂ ಕಾಯಿದೆ ಮಾಡಿದರು. ಬಿಳಿಯರಿಗೆ ವಿನಾಯಿತಿ, ಕರಿಯರಿಗೆ ಲೈಸೆನ್ಸು.

ಒಂದು ವಿನಾಯಿತಿ ನಮ್ಮ ನೆರೆಯಲ್ಲೇ ಉಳಿಯಿತು. ದಂಗೆಯ ಕಾಲದಲ್ಲಿ ಕೊಡಗಿನವರು ನಿಷ್ಠರಾಗಿದ್ದರು ಎಂದು ಕಮಿಷನರ್ ಮಾರ್ಕ್ ಕಬ್ಬನ್ 1861ರಲ್ಲಿ ಅವರನ್ನು ಆ ಕಾಯಿದೆಯಿಂದ ಬಿಟ್ಟರು. ಅದು ಇಂದಿಗೂ ನಡೆದಿದೆ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಇರುವ ವಿನಾಯಿತಿಯನ್ನು ಕೇಂದ್ರ ಸರ್ಕಾರ 2019ರಲ್ಲಿ ಇನ್ನೂ ಹತ್ತು ವರ್ಷ, ಅಂದರೆ 2029ರವರೆಗೆ ಮುಂದುವರಿಸಿತು. ಈ ಕೋವಿಗಳು ಗಂಭೀರ ಅಪರಾಧಕ್ಕೆ ಬಳಕೆಯಾಗಿಲ್ಲ ಎಂದು ಸರ್ಕಾರವೇ ಆಗ ಹೇಳಿತು. ಅವರಿಗೆ ಇರುವುದಕ್ಕೆ ನನಗೆ ಹೊಟ್ಟೆಕಿಚ್ಚಿಲ್ಲ. ಅಲ್ಲಿ ಅಷ್ಟು ಮನೆಗಳಲ್ಲಿ ಕೋವಿ ಇದ್ದೂ ಆಕಾಶ ಕಳಚಿ ಬೀಳಲಿಲ್ಲವಲ್ಲ, ಪಕ್ಕದ ಜಿಲ್ಲೆಯ ರೈತನ ಒಂದು ಕೇಪಿನ ಕೋವಿಗೆ ಯಾಕೆ ಇಷ್ಟು ನಡುಕ ಅಂತ ಅಷ್ಟೇ ಕೇಳುತ್ತೇನೆ.

ಈಗ ಸ್ವತಂತ್ರ ಭಾರತದ ಕಾನೂನು ಏನು ಹೇಳುತ್ತದೆ ಅನ್ನುವುದನ್ನು ಗಮನವಿಟ್ಟು ಓದಿ. 1959ರ ಆಯುಧ ಕಾಯಿದೆ, 13ನೇ ಕಲಂ, 3ನೇ ಉಪಕಲಂ. ಪ್ರಾಮಾಣಿಕವಾಗಿ ಬೆಳೆ ರಕ್ಷಣೆಗೆ ಬಾಯಿಯಿಂದ ಮದ್ದು ತುಂಬುವ ಕೋವಿ ಕೇಳಿದ ನಾಗರಿಕನಿಗೆ ಅಧಿಕಾರಿ ಲೈಸೆನ್ಸು ಕೊಡತಕ್ಕದ್ದು ಎಂದು ಅಲ್ಲಿ ಬರೆದಿದೆ. ‘ಕೊಡಬಹುದು’ ಅಲ್ಲ, ‘ಕೊಡತಕ್ಕದ್ದು’. ಬಾಯಿ ಕೋವಿ ಸಾಲದು ಎಂದು ಮನವರಿಕೆಯಾದರೆ ನುಣುಪು ನಳಿಗೆಯ ಬೇರೆ ಕೋವಿಗೂ ಲೈಸೆನ್ಸು ಕೊಡಬಹುದು ಎಂದೂ ಇದೆ. 14ನೇ ಕಲಮಿನಲ್ಲಿ ಇನ್ನೊಂದು ಮಾತಿದೆ: ಅರ್ಜಿದಾರನಿಗೆ ಸಾಕಷ್ಟು ಆಸ್ತಿ ಇಲ್ಲ ಎಂಬ ಒಂದೇ ಕಾರಣಕ್ಕೆ ನಿರಾಕರಿಸುವಂತಿಲ್ಲ. ‘ಎರಡು ಎಕರೆ ಇಟ್ಕೊಂಡು ನಿನಗ್ಯಾಕಪ್ಪಾ ಕೋವಿ’ ಎಂದು ಕಚೇರಿಯಲ್ಲಿ ನಗುವವರು ಈ ಸಾಲನ್ನು ಓದಿಲ್ಲ. ನಿಜ, ಇದೇ ಕಲಂ ಸಾರ್ವಜನಿಕ ಶಾಂತಿಯ ಕಾರಣಕ್ಕೆ, ಅರ್ಜಿದಾರ ತಕ್ಕವನಲ್ಲ ಎಂಬ ಕಾರಣಕ್ಕೆ ನಿರಾಕರಿಸುವ ಅಧಿಕಾರವನ್ನೂ ಕೊಡುತ್ತದೆ. ಆದರೆ ಕಾರಣವನ್ನು ಬರೆದಿಡಬೇಕು, ಕೇಳಿದರೆ ತಿಳಿಸಬೇಕು. ತಿಳಿಸುವುದು ಸಾರ್ವಜನಿಕ ಹಿತಕ್ಕೆ ತಕ್ಕದ್ದಲ್ಲ ಎಂದು ಅಧಿಕಾರಿಗೆ ಕಂಡ ಕಡೆ ಮಾತ್ರ ಬಿಡಬಹುದು. ನಿರಾಕರಿಸಿದರೆ 18ನೇ ಕಲಮಿನ ಪ್ರಕಾರ ಮೇಲ್ಮನವಿ ಇದೆ.

ಕಾನೂನು ಹೀಗಿದೆ. ನಡೆಯುವುದು ಹೇಗೆ? ಪಹಣಿ ತಾ, ಠಾಣೆಯ ವರದಿ ತಾ, ಅರಣ್ಯದವರ ಅಭಿಪ್ರಾಯ ತಾ, ತರಬೇತಿಯ ಸರ್ಟಿಫಿಕೇಟು ತಾ. ತರಬೇತಿ ಬೇಕು, ಬೇಡ ಎನ್ನುವುದಿಲ್ಲ. ಆದರೆ ಒಂದು ಕಾಗದ ತರುವಷ್ಟರಲ್ಲಿ ಇನ್ನೊಂದು ಹಳತಾಗಿರುತ್ತದೆ. ಅಪ್ಪ ತೀರಿಕೊಂಡು ಕೋವಿ ಠಾಣೆಗೆ ಸೇರಿ, ಮಗನ ಹೆಸರಿಗೆ ಆಗುವಷ್ಟರಲ್ಲಿ ಮೂರು ಬೆಳೆ ಹೋದ ಮನೆಗಳನ್ನು ನಾನು ಬಲ್ಲೆ.

ಇಷ್ಟರ ನಡುವೆ ಚುನಾವಣೆ ಬಂತು ಅನ್ನಿ. 2024ರ ಲೋಕಸಭಾ ಚುನಾವಣೆ ಘೋಷಣೆಯಾದದ್ದು ಮಾರ್ಚ್ 16ಕ್ಕೆ, ಎಣಿಕೆ ಆದದ್ದು ಜೂನ್ 4ಕ್ಕೆ. ಎಂಬತ್ತು ದಿನ. ಬೇಸಿಗೆ ಭತ್ತ ಕಾಳು ಕಟ್ಟುವುದು, ಬಾಳೆ ಗೊನೆ ಬಿಡುವುದು, ಕಾಡಿನಲ್ಲಿ ನೀರು ಬತ್ತಿ ಪ್ರಾಣಿಗಳು ತೋಟಕ್ಕೆ ಇಳಿಯುವುದು ಎಲ್ಲ ಈ ದಿನಗಳಲ್ಲೇ. ಎಲ್ಲರ ಕೋವಿಯನ್ನೂ ಕಣ್ಣು ಮುಚ್ಚಿ ಜಮಾ ಮಾಡಿಸಿ ಎಂದು ಚುನಾವಣಾ ಆಯೋಗ ಹೇಳಿಲ್ಲ. ಜಾಮೀನಿನ ಮೇಲೆ ಹೊರಗಿರುವವರು, ಅಪರಾಧದ ಹಿನ್ನೆಲೆ ಇರುವವರು, ಹಿಂದೆ ಗಲಭೆಯಲ್ಲಿ, ಅದರಲ್ಲೂ ಚುನಾವಣೆಯ ವೇಳೆ, ಸಿಕ್ಕಿಬಿದ್ದವರು, ಇಂಥವರ ಲೈಸೆನ್ಸುಗಳನ್ನು ಸಮಿತಿಯೊಂದು ಪರಿಶೀಲಿಸಿ ತೀರ್ಮಾನಿಸಲಿ ಎಂಬುದು ಆಯೋಗದ ಸೂಚನೆ. ಒಬ್ಬೊಬ್ಬರ ಕಡತ ತೆಗೆದು ನೋಡುವ ಕಷ್ಟ ಯಾರಿಗೆ ಬೇಕು? ಎಷ್ಟೋ ಕಡೆ ಬೀಟಿನ ಪೇದೆಯ ಫೋನು ಬರುತ್ತದೆ: ‘ಸಾರ್, ನಿಮ್ಮ ಕೋವಿ ತಂದು ಕೊಟ್ಬಿಡಿ, ಸಾಹೇಬ್ರು ಹೇಳಿದಾರೆ.’ ರಸೀತಿ ಇಸಕೊಂಡು ಬರುತ್ತೇವೆ. ತಿರುಗಿ ತರುವಾಗ ನಳಿಗೆಯೊಳಗೆ ತುಕ್ಕು, ಕುಂದೆಗೆ ಗೆದ್ದಲು. ಕರಿಮದ್ದಿನ ಮಸಿ ಗಾಳಿಯ ತೇವ ಹೀರುತ್ತದೆ, ಹೊಡೆದ ಮೇಲೆ ಬಿಸಿನೀರಿನಲ್ಲಿ ತೊಳೆದು ಒಣಗಿಸಿ ಎಣ್ಣೆ ಹಚ್ಚದಿದ್ದರೆ ಕಬ್ಬಿಣ ತಿನ್ನುತ್ತದೆ. ಠಾಣೆಗೆ ಕೊಡುವ ಮುಂಚೆ ಇದನ್ನು ತಪ್ಪದೆ ಮಾಡಿ, ಠಾಣೆಯಲ್ಲಿ ಯಾರೂ ಮಾಡುವುದಿಲ್ಲ.

ಚುನಾವಣೆಯಲ್ಲಿ ಯಾರಾದರೂ ಒಬ್ಬರು ಕೇಪಿನ ಕೋವಿ ಹಿಡಿದು ಮತಗಟ್ಟೆ ವಶಪಡಿಸಿಕೊಳ್ಳುತ್ತಾರೆಯೇ? ಒಂದು ಈಡು ಹೊಡೆದು, ಮದ್ದು ಸುರಿದು, ಬಿರಡೆ ಜಡಿದು, ಚರೆ ಹಾಕಿ, ಕೇಪು ಕೂರಿಸುವಷ್ಟರಲ್ಲಿ ಮತದಾನವೇ ಮುಗಿದಿರುತ್ತದೆ. ಬಂದೂಕಿನ ಮೋಹಕ್ಕೆ ಹೆಸರಾದ ಅಮೆರಿಕವನ್ನೇ ತಗೊಳ್ಳಿ. ಅಲ್ಲಿನ 1968ರ ಕೇಂದ್ರ ಕಾಯಿದೆ ಕರಿಮದ್ದಿನ ಬಾಯಿ ಕೋವಿಯನ್ನು ಸಾಮಾನ್ಯವಾಗಿ ಪುರಾತನ ವಸ್ತು ಎಂದು ಬಂದೂಕಿನ ಲೆಕ್ಕಕ್ಕೇ ಸೇರಿಸುವುದಿಲ್ಲ. ಕೆಲವು ರಾಜ್ಯಗಳ ಕಟ್ಟಳೆ ಬೇರೆ ಇದೆ, ಆ ಮಾತು ಬೇರೆ. ಅಲ್ಲಿ, ಯೂರೋಪಿನಲ್ಲಿ, ಇಂದಿಗೂ ಹವ್ಯಾಸಕ್ಕೆ ಕರಿಮದ್ದಿನ ರೈಫಲ್ ಇಟ್ಟುಕೊಂಡು, ರಜದ ದಿನ ಕೂತು ತೆಳು ಕಾಗದ ಕತ್ತರಿಸಿ, ಒದ್ದೆ ಮಾಡಿ, ಸೀಸದ ಗುಂಡಿಗೆ ಎರಡು ಸುತ್ತು ಸುತ್ತಿ ಒಣಗಿಸಿ, ಗುರಿ ಹಲಗೆಗೆ ಹೊಡೆದು ಸಂತೋಷಪಡುವವರಿದ್ದಾರೆ. ಹೊಡೆದ ಮೇಲೆ ನಳಿಗೆಯ ಮುಂದೆ ಬಿದ್ದ ಕಾಗದದ ಚೂರುಗಳನ್ನು ಹೆಕ್ಕಿ, ಗೆರೆಯ ಗುರುತಿನಲ್ಲಿ ಸರಿಯಾಗಿ ಸೀಳಿದೆಯೇ, ಸುಟ್ಟಿದೆಯೇ ಅಂತ ಪರೀಕ್ಷಿಸುತ್ತಾರಂತೆ. ಪುರಸೊತ್ತು ಇದ್ದವರ ಆಟ, ಆಡಲಿ. ಅವರಿಗೆ ಆಟದ ಸಾಮಾನು, ನಮಗೆ ಗುದ್ದಲಿಯ ಹಾಗೆ ಒಂದು ಸಲಕರಣೆ.

ಇನ್ನು, ಕೋವಿ ಇದ್ದರೆ ಹಂದಿ ಹೊಡೆಯಬಹುದು ಎಂದು ಯಾರೂ ತಿಳಿಯಬಾರದು. 1972ರ ವನ್ಯಜೀವಿ ಕಾಯಿದೆಯ ಪ್ರಕಾರ ಬೆಳೆ ನಾಶಮಾಡುವ ಹಂದಿಯನ್ನೂ ಮುಖ್ಯ ವನ್ಯಜೀವಿ ಪರಿಪಾಲಕರ ಅಥವಾ ಅವರು ಅಧಿಕಾರ ಕೊಟ್ಟವರ ಲಿಖಿತ ಅಪ್ಪಣೆ ಇಲ್ಲದೆ ಕೊಲ್ಲುವಂತಿಲ್ಲ. ಕೋವಿಯ ಕಾಗದ ಬೇರೆ, ಹಂದಿಯ ಕಾಗದ ಬೇರೆ. ನಾವು ಹೆಚ್ಚಿನ ರಾತ್ರಿ ಮಾಡುವುದು ಬರೀ ಮದ್ದು ಹಾಕಿ ಮೇಲೆ ಕಾಗದದ ಬಿರಡೆ ಜಡಿದು ಆಕಾಶಕ್ಕೆ ಹೊಡೆಯುವುದು, ಅಷ್ಟೇ. ಚರೆಯಿಲ್ಲ, ಗುಂಡಿಲ್ಲ. ಸದ್ದಿಗೆ, ಮದ್ದಿನ ವಾಸನೆಗೆ ಹಿಂಡು ಗುಡ್ಡ ಹತ್ತುತ್ತದೆ. (ಬೇಸಿಗೆಯಲ್ಲಿ ಆ ಕಾಗದ ಕೆಂಡವಾಗಿ ಒಣ ಹುಲ್ಲಿಗೆ ಬೀಳುತ್ತದೆ, ನೋಡಿಕೊಂಡು ಹೊಡೆಯಿರಿ.) ಪೊದೆಯಲ್ಲಿ ಸರಕ್ ಅಂದ ಕೂಡಲೆ ಚರೆ ತುಂಬಿದ ಈಡು ಹೊಡೆಯುವವನಿಗೆ ಲೈಸೆನ್ಸು ಕೊಡಲೇಬಾರದು ಎಂಬುದು ನನ್ನ ಸ್ಪಷ್ಟ ಅಭಿಪ್ರಾಯ. ಅಂಥವನಿಂದ ಸತ್ತದ್ದು ಹಂದಿಗಿಂತ ಹೆಚ್ಚಾಗಿ ಪಕ್ಕದ ಗದ್ದೆಯ ಅಣ್ಣ ತಮ್ಮಂದಿರು.

ಸದ್ದಿನ ಕೋವಿಯನ್ನು ಕಸಿದುಕೊಂಡರೆ ಏನಾಗುತ್ತದೆ ಎಂದು ಕಚೇರಿಯವರು ಯೋಚಿಸಿದ್ದಾರೆಯೇ? ಬೇಲಿಗೆ ಕರೆಂಟು ಹಾಯಿಸುತ್ತಾರೆ. ಸದ್ದಿಲ್ಲ, ಲೈಸೆನ್ಸಿಲ್ಲ, ರಾತ್ರಿ ನಿದ್ದೆಯೂ ಕೆಡುವುದಿಲ್ಲ. ಬೆಳಿಗ್ಗೆ ನೋಡಿದರೆ ಆನೆ ಬಿದ್ದಿರುತ್ತದೆ, ಇಲ್ಲವೇ ಮೇವು ಕೊಯ್ಯಲು ಹೋದ ಹೆಂಗಸು. ಆಮೇಲೆ ಜೈಲು, ವಕೀಲರ ಫೀಜು, ಮತ್ತೆ ಸಾಲ. ನೂರು ಕೇಪಿನ ಕೋವಿಗಿಂತ ಒಂದು ಕರೆಂಟು ತಂತಿ ಹೆಚ್ಚು ಅಪಾಯ. ಆದರೆ ತಂತಿಯನ್ನು ಚುನಾವಣೆಗೆ ಜಮಾ ಮಾಡಿಸಲು ಬರುವುದಿಲ್ಲವಲ್ಲ!

ಈಗ ಲೆಕ್ಕ. ಭತ್ತಕ್ಕೆ ಹಾಲು ತುಂಬಿದಾಗಿನಿಂದ ಕೊಯ್ಲಿನವರೆಗೆ ಮೂವತ್ತು ರಾತ್ರಿ ಮಾಳ ಕಾಯಬೇಕು ಅನ್ನಿ. ಹಗಲು ದುಡಿದವನೇ ರಾತ್ರಿಯೂ ಕೂರುತ್ತಾನೆ, ಕೂಲಿ ಯಾರೂ ಕೊಡುವುದಿಲ್ಲ. ಬೇರೆಯವನನ್ನು ಕೂರಿಸಿದರೆ ರಾತ್ರಿಗೆ 400 ರೂಪಾಯಿ ಹಿಡಿದರೂ 12,000 ಆಯಿತು. 2025-26ರ ಸಾಲಿಗೆ ಸಾಮಾನ್ಯ ಭತ್ತಕ್ಕೆ ಕೇಂದ್ರ ಕಟ್ಟಿದ ಬೆಂಬಲ ಬೆಲೆ ಕ್ವಿಂಟಾಲಿಗೆ 2,369 ರೂಪಾಯಿ. ಅಂದರೆ ಐದು ಕ್ವಿಂಟಾಲ್ ಭತ್ತ ಕಾವಲಿಗೇ ಹೋಯಿತು, ಅದೂ ಆ ಬೆಲೆಗೆ ಕೊಳ್ಳುವವನು ಸಿಕ್ಕಿದರೆ. ಬೆಲೆ ಆಯೋಗದವರು ಕುಟುಂಬದ ದುಡಿಮೆಯನ್ನೂ ಲೆಕ್ಕಕ್ಕೆ ಹಿಡಿಯುತ್ತೇವೆ ಎನ್ನುತ್ತಾರೆ. ನಿಮ್ಮ ಊರಿಗೆ ಯಾರಾದರೂ ಬಂದು, ‘ಅಣ್ಣಾ, ನೀನು ಎಷ್ಟು ರಾತ್ರಿ ಮಾಳದ ಮೇಲೆ ಕೂತೆ, ಎಷ್ಟು ಈಡು ಹೊಡೆದೆ, ಮದ್ದಿಗೆ ಎಷ್ಟಾಯಿತು’ ಎಂದು ಕೇಳಿ ಬರಕೊಂಡು ಹೋದದ್ದು ಉಂಟೆ? ಸೊಸೈಟಿಯ ಸೊನ್ನೆ ಬಡ್ಡಿ ಸಾಲವೂ ವಾಯಿದೆ ತಪ್ಪಿದ ಮೇಲೆ ಸೊನ್ನೆಯಾಗಿ ಉಳಿಯುವುದಿಲ್ಲ. ಹಂದಿ ತಿಂದಿತು ಅಂದರೆ ಸೆಕ್ರೆಟರಿ ಕೇಳುತ್ತಾನೆಯೇ?

ಆದ್ದರಿಂದ ಬೆಲೆಯ ಹೋರಾಟದ ಬೇಡಿಕೆಗಳಲ್ಲಿ ರಾತ್ರಿ ಕಾವಲಿನ ಕೂಲಿಯೂ ಸೇರಬೇಕು. ಅಪರಾಧದ ಹಿನ್ನೆಲೆ ಇಲ್ಲದ ರೈತರ ಬೆಳೆ ರಕ್ಷಣೆಯ ಕೋವಿಯನ್ನು ಚುನಾವಣೆಗೆ ಮುಟ್ಟಬಾರದು ಎಂಬ ಸ್ಪಷ್ಟ ಆದೇಶವನ್ನು ಪ್ರತಿ ಜಿಲ್ಲೆಯಲ್ಲೂ ಕೇಳಬೇಕು, ಅದೂ ಚುನಾವಣೆ ಘೋಷಣೆಯಾದ ಮೇಲೆ ಓಡಾಡಿ ಅಲ್ಲ, ಈಗಲೇ. ನಿಮ್ಮ ಲೈಸೆನ್ಸಿನ ನಕಲು, ಪಹಣಿ, ಹೋದ ಬಾರಿ ಜಮಾ ಮಾಡಿದ ರಸೀತಿ ಇಷ್ಟನ್ನೂ ಸಂಘದ ತಾಲೂಕು ಸಭೆಗೆ ತನ್ನಿ. ಹೊಸ ಲೈಸೆನ್ಸಿಗೆ ಹೋಗುವವರು ಅರ್ಜಿಯಲ್ಲೇ 13ನೇ ಕಲಂ 3ನೇ ಉಪಕಲಮನ್ನು ಹೆಸರಿಸಿ ಬರೆಯಿರಿ. ಎರಡು ಪ್ರತಿ ಮಾಡಿ, ಒಂದಕ್ಕೆ ಕಚೇರಿಯ ಸೀಲು, ತಾರೀಖು ಹಾಕಿಸಿಕೊಂಡು ಬನ್ನಿ. ‘ಆಗಲ್ಲ ಹೋಗ್ರೀ’ ಎಂದು ಬಾಯಿಮಾತಿನಲ್ಲಿ ಹೇಳಿದರೆ ಎದ್ದು ಬರಬೇಡಿ. ಕಾರಣ ಬರೆದು ಕೊಡಿ ಅಂತ ಕೇಳಿ, ಅದನ್ನೂ ಬರವಣಿಗೆಯಲ್ಲೇ ಕೇಳಿ.